ಬರೆದದ್ದು ಅಚ್ಚಾದ ಬಗೆ

ಕನ್ನಡದ ಪುಸ್ತಕ ಬಿಡುಗಡೆಗಳಿಗೆ ಒಂದು ಗೊತ್ತಾದ ಕ್ರಮವಿದೆ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು, ಕಾಫಿ. ಹತ್ತೂವರೆಗೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದ್ದು ಹನ್ನೊಂದಕ್ಕೆ ಶುರುವಾಗುವ ಪ್ರಾರ್ಥನೆ. ಬಣ್ಣದ ಕಾಗದ ಸುತ್ತಿದ ಕಟ್ಟನ್ನು ಬಿಚ್ಚಿ ಕ್ಯಾಮೆರಾದ ಕಡೆಗೆ ಹಿಡಿಯುವ ಶಾಸ್ತ್ರ. ಇಬ್ಬರು ಮೂವರ ಭಾಷಣ. ಕೊನೆಗೆ, ಸಭೆ ಗಡಿಯಾರ ನೋಡತೊಡಗಿದ ಹೊತ್ತಿಗೆ, ಬರೆದವರ ಸರದಿ. ಬರೆದವರು ಹೆಣ್ಣಾಗಿದ್ದರೆ ಸಂವಾದದಲ್ಲಿ ಎರಡು ಪ್ರಶ್ನೆ ತಪ್ಪುವುದಿಲ್ಲ. “ಮನೆ, ಮಕ್ಕಳು, ಕೆಲಸ ಎಲ್ಲದರ ನಡುವೆ ಬರೆಯೋಕೆ ಟೈಮ್ ಹೇಗೆ ಮಾಡ್ಕೋತೀರಿ ಮೇಡಂ?” ಎಂಬುದು ಒಂದು. “ಇದು ನಿಮ್ಮದೇ ಕಥೆನಾ?” ಎಂಬುದು ಇನ್ನೊಂದು. ಗಂಡಸು ಬರೆದ ಕಾದಂಬರಿ ಬಿಡುಗಡೆಯಾದ ದಿನ ಮೊದಲ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಎರಡನೆಯದು ಬಂದರೂ ಅದರಲ್ಲಿ ಮೆಚ್ಚುಗೆ ಇರುತ್ತದೆ, ತನಿಖೆ ಇರುವುದಿಲ್ಲ.

ಈ ಎರಡರ ಗದ್ದಲದಲ್ಲಿ ಕೇಳದೆ ಉಳಿಯುವ ಪ್ರಶ್ನೆ ಬೇರೆ ಇದೆ. ಬರೆದದ್ದನ್ನು ಮೊದಲು ಅಚ್ಚು ಹಾಕಿದವರು ಯಾರು? ಯಾವ ಹೆಸರಿನಲ್ಲಿ? ಯಾರ ದುಡ್ಡಿನಲ್ಲಿ? ಹೆಣ್ಣುಮಕ್ಕಳು ಲೇಖಕಿಯರಾದ ಬಗೆಯನ್ನು ನಾವು ಸಾಮಾನ್ಯವಾಗಿ ಸ್ಫೂರ್ತಿಯ ಕಥೆಯಾಗಿ ಹೇಳುತ್ತೇವೆ: ಒಲೆಯ ಮುಂದೆ ಕೂತು ಬರೆದರು, ಎಲ್ಲರೂ ಮಲಗಿದ ಮೇಲೆ ಬರೆದರು, ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟರು. ಹಾಗೆ ಬರೆದು ಬಚ್ಚಿಟ್ಟವರು ಕನ್ನಡನಾಡಿನಲ್ಲಿ ಎಷ್ಟೋ ಮಂದಿ ಇದ್ದಾರು. ಅವರಲ್ಲಿ ನಮಗೆ ಹೆಸರು ಗೊತ್ತಿರುವುದು ಒಬ್ಬ ಸಂಪಾದಕನೋ, ಒಂದು ವಾರಪತ್ರಿಕೆಯೋ, ಸ್ವಂತದ್ದೊಂದು ಪ್ರಕಾಶನವೋ ಒದಗಿ ಬಂದವರದು ಮಾತ್ರ. ಈ ದತ್ತಿ ಉಪನ್ಯಾಸ ಹಿಡಿದು ಹೊರಟಿರುವುದು ಡಬ್ಬದಿಂದ ಅಚ್ಚಿನ ಮನೆಯವರೆಗಿನ ಆ ದಾರಿಯನ್ನು.

ತೀರ ಈಚಿನ ಪುಸ್ತಕದಿಂದಲೇ ಶುರು ಮಾಡಬಹುದು. 2025ರ ಮೇ 20ರಂದು ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಕನ್ನಡದಿಂದ ಹೋದ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅದನ್ನು ಪಡೆದ ಮೊದಲ ಭಾರತೀಯ ಅನುವಾದಕಿ. 50,000 ಪೌಂಡ್ ಮೊತ್ತ ಇಬ್ಬರಿಗೂ ಸಮಪಾಲು. ಪುಸ್ತಕದಲ್ಲಿರುವುದು 12 ಕಥೆ, ಬರೆದದ್ದು 1990ರಿಂದ 2023ರ ನಡುವೆ. ಜಗತ್ತಿಗೆ ಹೊಸ ಪುಸ್ತಕ. ಬಾನು ಅವರ ಊರಾದ ಹಾಸನದ ಓದುಗರಿಗೆ ಅದರ ಕೆಲವು ಕಥೆಗಳು ಮೂವತ್ತು ವರ್ಷದ ಹಳೆಯ ಪರಿಚಯ.

ಪತ್ರಿಕೆಗಳೆಲ್ಲ ಆಗ ಬರೆದದ್ದು ಬಾಲ್ಯದ ಒಂದು ಪ್ರಸಂಗವನ್ನು. ಮನೆಮಾತು ಉರ್ದುವಾಗಿದ್ದ ಹುಡುಗಿಯನ್ನು ಎಂಟನೆಯ ವಯಸ್ಸಿನಲ್ಲಿ ತಂದೆ ಶಿವಮೊಗ್ಗದ ಕನ್ನಡ ಮಾಧ್ಯಮದ ಕಾನ್ವೆಂಟಿಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಶಾಲೆ ಸೇರಿಸಿಕೊಂಡಿತು. ಕೆಲವೇ ದಿನಗಳಲ್ಲಿ ಹುಡುಗಿ ಬರೆಯತೊಡಗಿದಳು. ಪ್ರಸಂಗ ಚೆನ್ನಾಗಿದೆ, ನಿಜವೂ ಹೌದು. ಆದರೆ ಬೇಗ ಅಕ್ಷರ ಕಲಿತ ಮಾತ್ರಕ್ಕೆ ಯಾರೂ ಕಥೆಗಾರ್ತಿಯಾಗುವುದಿಲ್ಲ. ಬಾನು ಅವರ ದಾರಿಯಲ್ಲಿ ಇನ್ನೂ ತೂಕದ ಸಂಗತಿಗಳಿವೆ. ‘ಪ್ರಜಾಮತ’ದಲ್ಲಿ ಕಥೆ ಅಚ್ಚಾದದ್ದು ಒಂದು. 1980ರ ದಶಕವಿಡೀ ‘ಲಂಕೇಶ್ ಪತ್ರಿಕೆ’ಗೆ ವರದಿಗಾರ್ತಿಯಾಗಿ ದುಡಿದದ್ದು ಇನ್ನೊಂದು. ಇವಲ್ಲದೆ ವಕೀಲಿ, ನಗರಸಭೆಯ ಸದಸ್ಯತ್ವ. ಜಿಲ್ಲಾ ವರದಿಗಾರರೆಂದರೆ ಆಸ್ಪತ್ರೆ, ಪೊಲೀಸ್ ಠಾಣೆ, ತಾಲ್ಲೂಕು ಕಚೇರಿ, ಕೋರ್ಟು ಎಲ್ಲ ಕಡೆಯೂ ಮೂಗು ತೂರಿಸಬೇಕಾದವರು. ಯಾರು ಯಾರನ್ನು ಹೇಗೆ ಗದರುತ್ತಾರೆ, ಅಳುತ್ತ ಬಂದವಳು ಯಾವ ಮಾತಿಗೆ ಸುಮ್ಮನಾಗುತ್ತಾಳೆ ಎಂಬುದೆಲ್ಲ ಅವರ ಕಿವಿಗೆ ಬೀಳುತ್ತದೆ. ಬಾನು ಅವರ ಕಥೆಗಳ ಮಾತುಕತೆ ಅಷ್ಟು ಚುರುಕಾಗಿರುವುದಕ್ಕೆ ಆ ವರ್ಷಗಳೇ ಕಾರಣವೆಂದು ಈ ಉಪನ್ಯಾಸದ ಊಹೆ.

ಇಂಗ್ಲಿಷ್ ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ ಕಥೆಯನ್ನೇ ತೆಗೆದುಕೊಳ್ಳಿ. ಗಂಡ ಬೇರೊಬ್ಬಳ ಹಿಂದೆ ಹೋದ ಮೇಲೆ ಮೆಹರುನ್ ಕಂಕುಳ ಕೂಸಿನೊಂದಿಗೆ ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳ ಮಾತು ಕೇಳುವುದಿಲ್ಲ, ಮರ್ಯಾದೆಯ ಲೆಕ್ಕ ಹಾಕುತ್ತಾರೆ, ಅವಳನ್ನು ಕರೆದೊಯ್ದು ಮತ್ತೆ ಗಂಡನ ಮನೆಯ ಬಾಗಿಲಲ್ಲೇ ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ನಿಂತಿರುವಾಗ ದೊಡ್ಡ ಮಗಳು ಸಲ್ಮಾ ಕೂಸನ್ನೆತ್ತಿಕೊಂಡು ಓಡಿಬಂದು ತಾಯಿಯನ್ನು ತಡೆಯುತ್ತಾಳೆ. ಬಾನು ಅವರು ತಮ್ಮ ಬದುಕಿನಲ್ಲೂ, ಹೆರಿಗೆಯ ನಂತರ ಮನಸ್ಸು ಕುಗ್ಗಿಹೋಗಿದ್ದ ದಿನಗಳಲ್ಲಿ, ಇಂಥದೇ ಅಂಚಿಗೆ ಹೋಗಿ ಬಂದದ್ದನ್ನು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹಾಗಿದ್ದರೆ “ಇದು ನಿಮ್ಮದೇ ಕಥೆನಾ” ಎಂದು ಕೇಳಿದವರು ಗೆದ್ದರೇ? ಇಲ್ಲ. ಕಥೆಯಲ್ಲಿ ತಾಯಿಯನ್ನು ಹಿಂದಕ್ಕೆ ಎಳೆಯುವುದು ಮಗಳು. ಅಣ್ಣಂದಿರ ಪಂಚಾಯಿತಿ, ತವರಿನವರ ಮುಜುಗರ, ನೆರೆಯವರ ಮೌನ ಎಲ್ಲವೂ ಅಲ್ಲಿ ಕಟ್ಟಿದ್ದು, ಆಯ್ದದ್ದು, ಜೋಡಿಸಿದ್ದು. ಬದುಕಿನ ಒಂದು ಗಳಿಗೆಯಿಂದ ಕಥೆ ಎಷ್ಟು ದೂರ ನಡೆದಿದೆ ಎಂಬುದೇ ಅಲ್ಲಿ ನೋಡಬೇಕಾದದ್ದು.

ಲಂಕೇಶರ ವಾರಪತ್ರಿಕೆ ಶುರುವಾದದ್ದು 1980ರಲ್ಲಿ. ಅದರ ರಾಜಕೀಯ ವರದಿಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅದು ಹೆಣ್ಣುಮಕ್ಕಳಿಗೆ, ಅದರಲ್ಲೂ ಮುಸ್ಲಿಂ ಹೆಣ್ಣುಮಕ್ಕಳಿಗೆ, ತೆರೆದ ಬಾಗಿಲಿನ ಬಗ್ಗೆ ಬರೆದದ್ದು ಕಡಿಮೆ. ಆ ಬಾಗಿಲಿನಿಂದ ಬಂದ ಮತ್ತೊಬ್ಬರು ಸಾರಾ ಅಬೂಬಕ್ಕರ್.

ಸಾರಾ ಹುಟ್ಟಿದ್ದು 1936ರಲ್ಲಿ ಕಾಸರಗೋಡಿನಲ್ಲಿ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ತಂದೆ ವಕೀಲರು. ಅವರಿಗೆ ಇಪ್ಪತ್ತಾದಾಗ ರಾಜ್ಯಗಳ ಪುನರ್ವಿಂಗಡಣೆ ನಡೆದು ಊರು ಕೇರಳಕ್ಕೆ ಸೇರಿತು. ಅವರ ಬರವಣಿಗೆ ಮಾತ್ರ ಕನ್ನಡದಲ್ಲೇ ಉಳಿಯಿತು. ತಮ್ಮ ಸಮುದಾಯದಲ್ಲಿ ಹೈಸ್ಕೂಲು ಮುಗಿಸಿದ ಮೊದಮೊದಲ ಹುಡುಗಿಯರಲ್ಲಿ ಒಬ್ಬರಾದ ಅವರು ಮುಂದೆ ಓದಲಾಗದೆ ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ಸಿಕ್ಕ ಪುಸ್ತಕವನ್ನೆಲ್ಲ ಓದಿಕೊಂಡಿದ್ದರು. ‘ಲಂಕೇಶ್ ಪತ್ರಿಕೆ’ಯಲ್ಲಿ ಕೋಮು ಸೌಹಾರ್ದದ ಕುರಿತ ಲೇಖನವೊಂದು ಅಚ್ಚಾದಾಗ 1981, ಅಂದರೆ ವಯಸ್ಸು ನಲವತ್ತು ದಾಟಿ ನಾಲ್ಕೈದು ವರ್ಷ. ಅದೇ ಪತ್ರಿಕೆಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು.

ಆ ಕಾದಂಬರಿಯ ನಾದಿರಾಳ ಮೇಲೆ ಮೊದಲು ತಂದೆಯ ಹಟ, ಆಮೇಲೆ ತಲಾಖು, ಆಮೇಲೆ ಮತ್ತೆ ಗಂಡನನ್ನು ಸೇರಬೇಕಾದರೆ ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂಬ ನಿಯಮ ಒಂದರ ಮೇಲೊಂದು ಬಂದು ಬೀಳುತ್ತವೆ. ಅವಳು ಕೊನೆಗೆ ಹೋಗುವುದು ಮಸೀದಿಯ ಕೆರೆಗೆ. ಯಾವ ಪಾತ್ರವೂ ಅಲ್ಲಿ ಭಾಷಣ ಮಾಡುವುದಿಲ್ಲ. ಹೊಳೆ, ದೋಣಿ, ತೆಂಗಿನ ತೋಟ, ಹೊಳೆಯಾಚೆಗೆ ಕಾಣುವ ತವರು ಎಲ್ಲವೂ ಇದ್ದ ಹಾಗೇ ಇವೆ, ಹುಡುಗಿ ಮಾತ್ರ ಉಳಿಯುವುದಿಲ್ಲ. ವಾರವಾರವೂ ಓದುಗರು ಮುಂದಿನ ಕಂತಿಗೆ ಕಾದರು, ಜಗಳವಾಡಿದರು, ಬೈದರು. 1985ರಲ್ಲಿ ಪುತ್ತೂರಿನಲ್ಲಿ ಅವರು ಮಾತಾಡಬೇಕಿದ್ದ ಸಭೆಗೆ ಅಡ್ಡಿ ಬಂತು. ಸಾರಾ ಬರೆಯುವುದನ್ನು ಬಿಡಲಿಲ್ಲ. 1994ರಲ್ಲಿ ಆ ಹೊಳೆಯ ಹೆಸರಿನಲ್ಲೇ ‘ಚಂದ್ರಗಿರಿ ಪ್ರಕಾಶನ’ ತೆರೆದು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸತೊಡಗಿದರು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಳ್ಳುವವರೆಗೂ ಅವರು ಕರಾವಳಿಯ ಸಭೆಗಳಲ್ಲಿ ಕಾಣಸಿಗುತ್ತಿದ್ದ, ಎದುರು ಮಾತಿಗೆ ಹಿಂಜರಿಯದ ಮುಖ. ಸಾರಾ ಅವರಿಗೆ ಬಂದಂಥ ವಿರೋಧ ಬಾನು ಅವರಿಗೂ ಬಂದಿತ್ತು. ಹೆಣ್ಣುಮಕ್ಕಳು ಮಸೀದಿಗೆ ಹೋಗಬಹುದು ಎಂದಿದ್ದಕ್ಕೆ 2000ದಲ್ಲಿ ಅವರ ಕುಟುಂಬ ಸಾಮಾಜಿಕ ಬಹಿಷ್ಕಾರ ಎದುರಿಸಿತು.

ಸ್ವಂತ ಪ್ರಕಾಶನ ಎಂದಾಗ ತಲೆಮಾರುಗಳ ಹಿಂದಕ್ಕೆ, ನಂಜನಗೂಡಿಗೆ ಹೋಗಬೇಕಾಗುತ್ತದೆ. ಅಲ್ಲಿ 1887ರಲ್ಲಿ ಹುಟ್ಟಿದ ತಿರುಮಲಾಂಬಾ ಅವರಿಗೆ ಹತ್ತರ ಹೊತ್ತಿಗೆ ಮದುವೆ, ಹದಿನಾಲ್ಕರ ಹೊತ್ತಿಗೆ ವೈಧವ್ಯ. ವಕೀಲರಾಗಿದ್ದ ತಂದೆ ಮಗಳನ್ನು ಮೂಲೆಗೆ ಕೂರಿಸಲಿಲ್ಲ, ಮನೆಯಲ್ಲೇ ಓದಿಸಿದರು. 1913ರಲ್ಲಿ ಆಕೆ ‘ಸತೀಹಿತೈಷಿಣೀ ಗ್ರಂಥಮಾಲೆ’ ಆರಂಭಿಸಿದರು. ಅದರಲ್ಲಿ ಮೊದಲು ಬಂದ ಕಾದಂಬರಿ ‘ಸುಶೀಲೆ’. ಕೆಲವೇ ವರ್ಷಗಳಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ, ಮುಂದೆ ‘ಸನ್ಮಾರ್ಗದರ್ಶಿನಿ’.

‘ಸುಶೀಲೆ’ಯನ್ನು ಇಂದು ಓದಿದವರಿಗೆ ಆಕಳಿಕೆ ಬಂದರೆ ಅವರನ್ನು ಬೈಯಬೇಕಾಗಿಲ್ಲ. ಪತಿವ್ರತೆಯ ಗುಣಗಾನ, ಸನ್ನಡತೆಯ ಪಾಠ, ಉದ್ದುದ್ದ ಉಪದೇಶ. ಸ್ತ್ರೀವಾದಿ ವಿಮರ್ಶೆ ಕನ್ನಡದಲ್ಲಿ ಬಲಗೊಂಡ ಕಾಲದಲ್ಲಿ ತಿರುಮಲಾಂಬಾ ಅವರನ್ನು ಏನು ಮಾಡಬೇಕೆಂದು ಹಲವರಿಗೆ ತಿಳಿಯಲಿಲ್ಲ: ಮೊದಲಿಗರೆಂದು ಹೊಗಳಬೇಕು, ಆದರೆ ಬರೆದದ್ದು ಪತಿಸೇವೆಯ ಬಗ್ಗೆ! ಆಕೆ ಬರೆದದ್ದನ್ನು ಬದಿಗಿಟ್ಟು ಮಾಡಿದ್ದನ್ನು ನೋಡಿದರೆ ಈ ಇಕ್ಕಟ್ಟು ಅರ್ಧ ಕಳೆಯುತ್ತದೆ. 1913ರ ಮೈಸೂರು ಸೀಮೆಯಲ್ಲಿ ವಿಧವೆಯೊಬ್ಬಳು ಗ್ರಂಥಮಾಲೆ ನಡೆಸುವುದೆಂದರೆ ಕಾಗದದ ಬೆಲೆ ವಿಚಾರಿಸಬೇಕು, ಮುದ್ರಣಾಲಯದವರೊಂದಿಗೆ ಲೆಕ್ಕ ಚುಕ್ತಾ ಮಾಡಬೇಕು, ಕರಡು ತಿದ್ದಬೇಕು, ಚಂದಾದಾರರ ವಿಳಾಸ ಬರೆದಿಟ್ಟುಕೊಳ್ಳಬೇಕು, ಅಂಚೆಗೆ ಕಟ್ಟು ಕಟ್ಟಿಸಬೇಕು, ಬಾಕಿ ಉಳಿಸಿಕೊಂಡವರಿಗೆ ಜ್ಞಾಪನಪತ್ರ ಹಾಕಬೇಕು. ಶುಭಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಸಮಾಜ ಹೇಳಿದ ಹೆಂಗಸಿನ ಹೆಸರು ತಿಂಗಳು ತಿಂಗಳೂ ಮನೆಮನೆಗೆ ಅಂಚೆಯಲ್ಲಿ ಹೋಗುತ್ತಿತ್ತು. ಪುಟದ ಒಳಗಿನ ಸುಶೀಲೆಗಿಂತ ಪುಟವನ್ನು ಹೊರಡಿಸಿದ ತಿರುಮಲಾಂಬಾ ದೊಡ್ಡ ಪಾತ್ರ.

ಆಮೇಲೆ ಆಕೆ ಬರೆಯುವುದನ್ನು ನಿಲ್ಲಿಸಿಬಿಟ್ಟರು. ಕಟು ವಿಮರ್ಶೆಯಿಂದ ನೊಂದರು ಎನ್ನುವುದುಂಟು. ಬದುಕಿದ್ದು 1982ರವರೆಗೆ. ಕೊನೆಯ ಹಲವು ದಶಕಗಳಲ್ಲಿ ಕನ್ನಡ ಸಾಹಿತ್ಯಲೋಕಕ್ಕೆ ಅವರು ಇದ್ದಾರೆಂಬುದೇ ಹೆಚ್ಚುಕಡಿಮೆ ಮರೆತುಹೋಗಿತ್ತು. ಸಿ.ಎನ್. ಮಂಗಳಾ, ವಿಜಯಾ ದಬ್ಬೆ ಮೊದಲಾದವರು ಅವರ ಬರಹ ಬದುಕುಗಳನ್ನು ಹುಡುಕಿ ತೆಗೆಯದಿದ್ದರೆ ಇಂದು ಅವರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಅರ್ಧ ಸಾಲು ಇರುತ್ತಿತ್ತೋ ಏನೋ. ನವ್ಯದ ಅಬ್ಬರ, ದಲಿತ ಬಂಡಾಯದ ಹುಟ್ಟು ಎಲ್ಲವೂ ಆಗಿಹೋದ ಕಾಲದವರೆಗೆ ಕನ್ನಡದ ಮೊದಮೊದಲ ಕಾದಂಬರಿಗಾರ್ತಿಯರಲ್ಲಿ ಒಬ್ಬರಾದ ಅವರು ನಮ್ಮ ನಡುವೆಯೇ ಇದ್ದರು. ಯಾವ ದತ್ತಿ ಉಪನ್ಯಾಸಕ್ಕೂ ಅವರನ್ನು ಕರೆದಂತಿಲ್ಲ.

ಕೊಡಗಿನ ಗೌರಮ್ಮನವರಿಗೆ ಅಷ್ಟು ಆಯಸ್ಸು ಸಿಗಲಿಲ್ಲ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು 1939ರ ಏಪ್ರಿಲ್‌ನಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಹೊಳೆಯಲ್ಲಿ ಈಜುವಾಗ ಮುಳುಗಿ ತೀರಿಕೊಂಡರು. ಟೆನಿಸ್ ಆಡುತ್ತಿದ್ದ, ಕಾಫಿ ತೋಟದ ವ್ಯವಸ್ಥಾಪಕರ ಹೆಂಡತಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೆ ಬರಬೇಕೆಂದು ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಧೀರೆ. ಇಷ್ಟಾಗಿಯೂ ಕಥೆಗಳ ಕೆಳಗೆ ಹಾಕುತ್ತಿದ್ದ ಹೆಸರು ಶ್ರೀಮತಿ ಬಿ.ಟಿ.ಜಿ. ಕೃಷ್ಣ; ಮೂರು ಇನಿಷಿಯಲ್ಲು, ಎಲ್ಲವೂ ಗಂಡನವು. ‘ಕಂಬನಿ’, ‘ಚಿಗುರು’ ಎರಡು ಸಂಕಲನಗಳೂ ಅವರು ಹೋದ ಮೇಲೆ ಬಂದವು. ‘ಕಂಬನಿ’ಗೆ ಮುನ್ನುಡಿ ಬರೆದ ಬೇಂದ್ರೆ ಆಕೆಯನ್ನು ತಂಗಿ ಎಂದೇ ಕರೆದರು. ವಿಧವೆಯರ ಬಗ್ಗೆ, ಜಾತಿ ಮೀರಿದ ಮದುವೆಗಳ ಬಗ್ಗೆ, ಗಂಡಸು ಕೈಕೊಟ್ಟ ಹುಡುಗಿಯರ ಬಗ್ಗೆ ಆಕೆ ಬರೆದ ಕಥೆಗಳಲ್ಲಿ ತಿರುಮಲಾಂಬಾ ಅವರ ಉಪದೇಶ ಇಲ್ಲ. ವ್ಯಂಗ್ಯವಿದೆ, ಅವಸರವಿದೆ, ಇನ್ನೂ ಪಕ್ವವಾಗಬೇಕಿದ್ದ ಕೈ ಇದೆ.

ಹೆಸರಿನ ಮಾತು ಬಂತಲ್ಲ, ಅದನ್ನು ಇನ್ನೊಂದು ನಾಲ್ಕು ಹೆಜ್ಜೆ ಬೆಂಬತ್ತಬಹುದು. ಹುಟ್ಟಿದಾಗ ಭಾಗೀರಥಿಯಾಗಿದ್ದ ಹುಡುಗಿ ಅನಸೂಯ ಆಗಿ, ಅನಸೂಯ ಶಂಕರ್ ಆಗಿ, ಕಾದಂಬರಿಗಳ ಮೇಲೆ ತ್ರಿವೇಣಿ ಆದರು. ತೀರ್ಥಹಳ್ಳಿಯ ವೆಂಕಟಲಕ್ಷ್ಮಿ ಡಾಕ್ಟರಾಗಿ, ಅನುಪಮಾ ನಿರಂಜನ ಆದರು. ಸುಬ್ಬಮ್ಮ ‘ವಾಣಿ’ಯಾದರು. ಕುಂದಾಪುರದ ವಾಸಂತಿ ಮದುವೆಯಾಗಿ ಜಾನಕಿಯಾದರು; ಆ ಜಾನಕಿ ವೈದೇಹಿಯಾದದ್ದಂತೂ ಅವರ ಇಚ್ಛೆಯಿಂದಲೇ ಅಲ್ಲ. ಯಾರದೋ ನಿಜ ಬದುಕಿನ ಎಳೆ ಇದ್ದ ಕಥೆಯೊಂದನ್ನು ‘ಸುಧಾ’ಕ್ಕೆ ಕಳಿಸಿದ ಮೇಲೆ ಅಳುಕು ಹುಟ್ಟಿ, ದಯವಿಟ್ಟು ಪ್ರಕಟಿಸಬೇಡಿ ಎಂದು ಪತ್ರ ಬರೆದರು. ಸಂಪಾದಕರು ಕಥೆಯನ್ನು ಹಿಂದಿರುಗಿಸಲಿಲ್ಲ, ಲೇಖಕಿಯ ಹೆಸರನ್ನು ವೈದೇಹಿ ಎಂದು ಮಾಡಿ ಅಚ್ಚು ಹಾಕಿದರು. ಹೆಸರು ನಿಂತಿತು. 2009ರಲ್ಲಿ ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಆ ಹೆಸರಿಗೇ.

ಈ ಪ್ರಸಂಗವನ್ನು ತಮಾಷೆಯ ಕಥೆಯಾಗಿ ಹೇಳಿ ಮುಂದೆ ಹೋಗುವುದು ಸುಲಭ. ಬರೆದವಳಿಗೆ ಅಂಜಿಕೆ ಇದ್ದದ್ದು ಕಥೆ ಕೆಟ್ಟದೆಂದಲ್ಲ, ಅದು ನಿಜವೆಂದು. ಕೂಡುಕುಟುಂಬದ ಹೆಣ್ಣುಮಕ್ಕಳು ಪಡಸಾಲೆಯ ಆಚೆ ಈಚೆ ಆಡುವ ಮಾತನ್ನು ಊರೆಲ್ಲ ಓದುವ ವಾರಪತ್ರಿಕೆಗೆ ಕೊಟ್ಟರೆ ಆಮೇಲೆ ಮದುವೆ ಮುಂಜಿಗಳಲ್ಲಿ ಅವರ ಮುಖ ನೋಡಬೇಕಲ್ಲ! ಬೇರೆ ಹೆಸರು ಆ 'ಮುಖ ನೋಡುವ' ತೊಂದರೆಗೆ ಪರಿಹಾರವಾಯಿತು. ಕುಂದಾಪ್ರ ಕನ್ನಡದ ಲಯವನ್ನು ಹಾಗೇ ಕಥೆಗೆ ತಂದ, ಅಕ್ಕುವಿನಂಥ ಹೆಂಗಸರನ್ನು ಕನ್ನಡಕ್ಕೆ ಕೊಟ್ಟ ಲೇಖಕಿಯ ಆರಂಭದಲ್ಲಿ ಹೀಗೆ ಒಬ್ಬ ಸಂಪಾದಕರ ಹಟ ಇದೆ.

ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಕನ್ನಡ ಲೇಖಕಿಯರು ತೀರಿಸಲಾಗದಷ್ಟು ಋಣಿಗಳು. ಪತ್ರಿಕೆಗಳೂ ಅವರಿಗೆ ಅಷ್ಟೇ ಋಣಿಗಳು, ಪ್ರಸಾರ ಏರಿಸಿದ್ದು ಆ ಧಾರಾವಾಹಿಗಳು ತಾನೇ. ಅಚ್ಚಾದ ಕಾದಂಬರಿಯನ್ನು ಮಧ್ಯಾಹ್ನದ ಹೊತ್ತು ಮನೆಗಳಿಗೆ ಮುಟ್ಟಿಸಿದ್ದು ಬೀದಿ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳು: ದಪ್ಪ ರಟ್ಟು, ಒಳಪುಟದಲ್ಲಿ ನೇರಳೆ ಮುದ್ರೆ, ಕೊನೆಯ ಹಾಳೆಯಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ ‘ತುಂಬಾ ಅಳು ಬಂತು’. ಆ ಓದುಗರನ್ನೂ ಅವರ ಲೇಖಕಿಯರನ್ನೂ ‘ಅಡುಗೆಮನೆ ಸಾಹಿತ್ಯ’ ಎಂಬ ಒಂದೇ ಏಟಿನಲ್ಲಿ ಬದಿಗೆ ಸರಿಸಿದ ವಿಮರ್ಶೆ ತ್ರಿವೇಣಿಯನ್ನು ಸರಿಯಾಗಿ ಓದಲಿಲ್ಲ.

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರ ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಹತ್ತೇ ವರ್ಷದಲ್ಲಿ ಇಪ್ಪತ್ತರ ಆಸುಪಾಸು ಕಾದಂಬರಿ. ‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಆರೋಗ್ಯ ಕೆಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಮನೆಗೆ ಬರುತ್ತಾಳೆ. ಗುಣವಾಗದೆ ಉಳಿದವರು ಮನೆಯವರು. ಅವಳು ಜೋರಾಗಿ ನಕ್ಕರೂ, ಸುಮ್ಮನೆ ಕೂತರೂ ಅವರಿಗೆ ಸಂಶಯ. ಬಾಣಂತಿಯ ಮನೋರೋಗವನ್ನು ದೆವ್ವ ಭೂತದ ಲೆಕ್ಕಕ್ಕೆ ಹಾಕುತ್ತಿದ್ದ ಕಾಲದಲ್ಲಿ ಅದನ್ನು ಕಾಯಿಲೆಯೆಂದೇ ಹೆಸರಿಸಿ, ಅದರ ಸುತ್ತಲಿನ ಕ್ರೌರ್ಯವನ್ನು ಕನ್ನಡದ ಲಕ್ಷಾಂತರ ಮನೆಗಳಲ್ಲಿ ಚರ್ಚೆಗೆ ತಂದ ಕೃತಿ ಅದು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದಾಗ ಕಲ್ಪನಾ ಕಾವೇರಿಯಾದರು. ಅದನ್ನು ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ ತೀರಿಹೋಗಿದ್ದರು.

ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂತು. ತೀರ್ಥಹಳ್ಳಿ ಸೀಮೆಯಲ್ಲಿ 1917ರಲ್ಲಿ ಹುಟ್ಟಿ, ಹನ್ನೆರಡಕ್ಕೆ ಮದುವೆಯಾಗಿ, ನಲವತ್ತೈದರ ಆಸುಪಾಸಿನಲ್ಲಿ ಬರೆಯಲು ಕೂತವರು. ಮಂಡ್ಯದಲ್ಲಿದ್ದಾಗ ತ್ರಿವೇಣಿಯವರ ಒಡನಾಟ, ಪ್ರೋತ್ಸಾಹ ಸಿಕ್ಕಿತ್ತು. ಒಬ್ಬಳು ಬರೆಯುವವಳು ಇನ್ನೊಬ್ಬಳಿಗೆ ‘ಬರಿ’ ಎನ್ನುವುದು ದೊಡ್ಡ ಸಂಸ್ಥೆಗಳ ಕೈಲಾಗದ ಕೆಲಸ. 1976ರ ‘ಫಣಿಯಮ್ಮ’ ತಾಯಿಯಿಂದ ಕೇಳಿದ, ಮನೆತನದಲ್ಲೇ ಬದುಕಿದ್ದ ಬಾಲವಿಧವೆಯೊಬ್ಬಳ ಚರಿತ್ರೆ. ಮಡಿ, ಒಪ್ಪೊತ್ತು, ಬೋಳಿಸಿದ ತಲೆ ಎಲ್ಲವನ್ನೂ ತಾನು ಉಂಡ ಫಣಿಯಮ್ಮ, ಇನ್ನೊಬ್ಬ ಹುಡುಗಿಗೆ ಅದು ಬೇಡ ಎಂದು ಸದ್ದಿಲ್ಲದೆ ಅಡ್ಡ ನಿಲ್ಲುತ್ತಾಳೆ. ತೇಜಸ್ವಿನಿ ನಿರಂಜನ ಅದನ್ನು ಇಂಗ್ಲಿಷಿಗೆ ತಂದರು, ಪ್ರೇಮಾ ಕಾರಂತ ಸಿನಿಮಾ ಮಾಡಿದರು. ಅಡುಗೆಮನೆಯಿಂದಲೇ ಬಂದ ಸಾಹಿತ್ಯ ಎಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಅಡುಗೆಮನೆಯಲ್ಲಿ ಅಷ್ಟು ಚರಿತ್ರೆ ಇತ್ತು, ಅಷ್ಟೇ.

ಎಲ್ಲರ ದಾರಿಯೂ ಪಡಸಾಲೆಯಿಂದ ಹೊರಟದ್ದಲ್ಲ. ಕಲಬುರಗಿಯ ಗೀತಾ ನಾಗಭೂಷಣ ಅವರ ತಂದೆ ಎಂಎಸ್‌ಕೆ ಮಿಲ್ಲಿನ ಕಾರ್ಮಿಕರು. ಮನೆಯಲ್ಲಿ ಪುಸ್ತಕ, ಪತ್ರಿಕೆ, ಸಾಹಿತಿ ನೆಂಟರು ಯಾವುದೂ ಇಲ್ಲದ ಹುಡುಗಿ ಕೆಲಸಕ್ಕೆ ಸೇರಿ, ದುಡಿಯುತ್ತಲೇ ಓದಿ ಅಧ್ಯಾಪಕಿಯಾದರು. ಹೈದರಾಬಾದ್ ಕರ್ನಾಟಕದ ಕೆಳಜಾತಿಯ ಹೆಂಗಸರ ಬದುಕನ್ನು ಅವರದೇ ಬೈಗುಳ, ಅವರದೇ ಪ್ರೀತಿಯ ಮಾತಿನಲ್ಲಿ ಬರೆದರು. ಬೆಂಗಳೂರು ಮೈಸೂರಿನ ಕೆಲವು ಓದುಗರು ಆ ಭಾಷೆಗೆ ಮೂಗು ಮುರಿದದ್ದುಂಟು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಕಾದಂಬರಿಗಾರ್ತಿಯೊಬ್ಬರಿಗೆ ಅದು ಮೊದಲು. ಡಾ. ವಿಜಯಾ ಅವರದು ಇನ್ನೊಂದು ಬಗೆ. ಎಳೆಯ ವಯಸ್ಸಿನ ಮದುವೆ, ಮನೆಯೊಳಗಿನ ಹಿಂಸೆ ದಾಟಿ ಬಂದು, ಪತ್ರಿಕೆಗಳಲ್ಲಿ ದುಡಿದು, ಇಳಾ ಹೆಸರಿನ ಮುದ್ರಣಾಲಯ ನಡೆಸಿ, ಬೇರೆಯವರ ಪುಸ್ತಕ ಅಚ್ಚು ಹಾಕುತ್ತ ಬದುಕಿದವರು, ಎಪ್ಪತ್ತು ದಾಟಿದ ಮೇಲೆ ತಮ್ಮ ಕಥೆ ‘ಕುದಿ ಎಸರು’ ಬರೆದರು. 2019ರ ಅಕಾಡೆಮಿ ಪ್ರಶಸ್ತಿ ಅದಕ್ಕೆ. “ಇದು ನಿಮ್ಮದೇ ಕಥೆನಾ” ಎಂದು ಯಾರಾದರೂ ಕೇಳಿದರೆ ಹೌದು ಎಂದು ಮುಖಕ್ಕೆ ಹೊಡೆದಂತೆ ಹೇಳುವ ಪುಸ್ತಕ. ದು. ಸರಸ್ವತಿ ಅವರು ಪುಸ್ತಕವನ್ನೇ ಕಾಯಲಿಲ್ಲ. ‘ಸಣ್ಣತಿಮ್ಮಿ ರಾಮಾಯಣ’ವನ್ನು ಒಬ್ಬರೇ ರಂಗದ ಮೇಲೆ ನಿಂತು ಆಡಿ ತೋರಿಸಿದರು. ಎ. ರೇವತಿ ಅವರ ಆತ್ಮಕಥೆಯನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದವರೂ ಅವರೇ.

ಸಂಸ್ಥೆಗಳ ಕಡೆ ಒಂದು ಕಣ್ಣು ಹಾಯಿಸಿದರೆ ಚಿತ್ರ ಅಷ್ಟು ಚೆಂದವಿಲ್ಲ. ಕನ್ನಡ ಸಾಹಿತ್ಯ ಸಮ್ಮೇಳನ 1915ರಿಂದ ನಡೆಯುತ್ತಿದೆ. 2024ರ ಮಂಡ್ಯದ 87ನೆಯ ಸಮ್ಮೇಳನದವರೆಗೆ ಅಧ್ಯಕ್ಷ ಪೀಠದಲ್ಲಿ ಕೂತ ಹೆಣ್ಣುಮಕ್ಕಳು ನಾಲ್ವರು: 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆ, 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ. ಪೂರ್ಣಕುಂಭ ಹೊತ್ತು ಮೆರವಣಿಗೆಯಲ್ಲಿ ನಡೆದ ಹೆಣ್ಣುಮಕ್ಕಳ ಲೆಕ್ಕ ಯಾರೂ ಇಟ್ಟಿಲ್ಲ. ಇಂಥ ವಾತಾವರಣದಲ್ಲೇ 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು. ಮೊದಲ ಅಧ್ಯಕ್ಷೆ ‘ಕೊರವಂಜಿ’ಯಲ್ಲಿ ಬರೆಯುತ್ತಿದ್ದ ಹಾಸ್ಯಲೇಖಕಿ ಟಿ. ಸುನಂದಮ್ಮ. ಸಿಟ್ಟಿನಿಂದ ಕಟ್ಟಬಹುದಾಗಿದ್ದ ಸಂಘದ ಚುಕ್ಕಾಣಿ ನಗಿಸಬಲ್ಲವರ ಕೈಯಲ್ಲಿ ಇದ್ದದ್ದು ಒಳ್ಳೆಯದೇ ಆಯಿತು.

ಇವತ್ತಿನ ಹೊಸ ಲೇಖಕಿಗೆ ಬಾಗಿಲುಗಳು ಬೇರೆ. ಹಲವು ಮಾಸಪತ್ರಿಕೆಗಳು ನಿಂತುಹೋಗಿವೆ, ವಾರಪತ್ರಿಕೆಗಳಲ್ಲಿ ಕಥೆಯ ಪುಟ ಕಡಿಮೆಯಾಗಿದೆ. ಬದಲಿಗೆ ಹೊಸಬರ ಹಸ್ತಪ್ರತಿ ಕರೆದು ಬಹುಮಾನ ಕೊಟ್ಟು ಅಚ್ಚು ಹಾಕುವ ಛಂದ ಪುಸ್ತಕದಂಥ ಪ್ರಕಾಶನಗಳಿವೆ. ಛಾಯಾ ಭಟ್ ಅವರ ‘ಬಯಲರಸಿ ಹೊರಟವಳು’ ಬಂದದ್ದು ಆ ದಾರಿಯಲ್ಲಿ. ಶಿವಮೊಗ್ಗದಲ್ಲಿ ಅಕ್ಷತಾ ಹುಂಚದಕಟ್ಟೆ ‘ಅಹರ್ನಿಶಿ’ ಪ್ರಕಾಶನ ನಡೆಸುತ್ತಿದ್ದಾರೆ. ಶ್ರುತಿ ಬಿ.ಆರ್. ಅವರ ಕವನ ಸಂಕಲನದ ಹೆಸರು ‘ಜೀರೋ ಬ್ಯಾಲೆನ್ಸ್’. ಕೇಂದ್ರ ಸಾಹಿತ್ಯ ಅಕಾಡೆಮಿಯ 2024ರ ಯುವ ಪುರಸ್ಕಾರ ಅದಕ್ಕೆ ಸಂದಿದೆ. ಲೇಖಕಿಯೇ ದುಡ್ಡು ಹಾಕಿ, ಡಿಟಿಪಿ ಮಾಡಿಸಿ, ಕರಡು ತಿದ್ದಿ, ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿ, ಕ್ಯೂಆರ್ ಕೋಡಿನ ಹಲಗೆ ನಿಲ್ಲಿಸಿ ಪುಸ್ತಕ ಮಾರುವುದೂ ಈಗ ಅಪರೂಪವಲ್ಲ. 1913ರಲ್ಲಿ ತಿರುಮಲಾಂಬಾ ಅಂಚೆಯಲ್ಲಿ ಮಾಡಿದ ಕೆಲಸವೇ ಇದು.

ಅನುವಾದ ಇನ್ನೊಂದು ಬಾಗಿಲು. ದೀಪಾ ಭಾಸ್ತಿ ಮಡಿಕೇರಿಯವರು. ಬಾನು ಅವರ ಆರು ಸಂಕಲನಗಳಿಂದ 12 ಕಥೆ ಆರಿಸಿ ಇಂಗ್ಲಿಷಿಗೆ ತಂದಾಗ ಎಷ್ಟೋ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಹಾಗೇ ಬಿಟ್ಟರು. ಓರೆ ಅಕ್ಷರ ಹಾಕಲಿಲ್ಲ, ಅಡಿಟಿಪ್ಪಣಿ ಕೊಡಲಿಲ್ಲ. ಆ ಧೈರ್ಯ ಒಂದೇ ಪುಸ್ತಕದಿಂದ ಬಂದದ್ದಲ್ಲ. ಅದಕ್ಕೆ ಮೊದಲೇ, 2023ರಲ್ಲಿ, ತಮ್ಮೂರಿನ ಗೌರಮ್ಮನವರ ಕಥೆಗಳನ್ನು ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಶ್ರೀಮತಿ ಬಿ.ಟಿ.ಜಿ. ಕೃಷ್ಣ ಎಂದು ಸಹಿ ಹಾಕುತ್ತಿದ್ದವರ ಪುಸ್ತಕ, ಅವರು ತೀರಿಹೋಗಿ ಎಂಬತ್ತನಾಲ್ಕು ವರ್ಷಕ್ಕೆ, ಕೊಡಗಿನ ಗೌರಮ್ಮ ಎಂಬ ಹೆಸರಿನಲ್ಲಿ ಹೊರಗಿನ ಓದುಗರಿಗೆ ಸಿಕ್ಕಿತು.

ದತ್ತಿಗಳ ಬಗ್ಗೆ ಒಂದು ಮಾತು ಹೇಳದೆ ಈ ಉಪನ್ಯಾಸ ಮುಗಿಸುವಂತಿಲ್ಲ. ಕನ್ನಡದ ಸಂಘ ಸಂಸ್ಥೆಗಳಲ್ಲಿ ತಾಯಿಯ ಹೆಸರಿನಲ್ಲಿ, ಅಗಲಿದ ಹೆಂಡತಿಯ ಹೆಸರಿನಲ್ಲಿ ಇಟ್ಟ ಠೇವಣಿಗಳು ಬಹಳ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಶಾಲುಗಳು ಬೀರುವಿನಲ್ಲಿ ತುಂಬುತ್ತವೆ. ‘ಕರ್ನಾಟಕ ನಂದಿನಿ’ಯ ಹಳೆಯ ಸಂಚಿಕೆ ಬೇಕೆಂದು ಹೊರಟ ವಿದ್ಯಾರ್ಥಿನಿ ಮಾತ್ರ ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆಯುತ್ತಾಳೆ. ನಾಲ್ಕಾರು ದತ್ತಿಗಳ ಬಡ್ಡಿ ಒಟ್ಟುಗೂಡಿಸಿ ಎರಡು ವರ್ಷಕ್ಕೊಮ್ಮೆ ಒಂದು ಹಳೆಯ ಪುಸ್ತಕವನ್ನು ಮರುಮುದ್ರಿಸಬಹುದು, ಪುಡಿಯಾಗುತ್ತಿರುವ ಒಂದು ಪತ್ರಿಕೆಯ ಸಂಪುಟವನ್ನು ಸ್ಕ್ಯಾನ್ ಮಾಡಿಸಿ ಇಡಬಹುದು. ಮೊದಲ ಪಟ್ಟಿಗೆ ತಿರುಮಲಾಂಬಾ ಅವರ ಪತ್ರಿಕೆಗಳು, ಸುನಂದಮ್ಮನವರ ‘ಕೊರವಂಜಿ’ ಬರಹಗಳು ಸಾಕು. ಈ ಸಲದ ಶಾಲಿನ ಖರ್ಚನ್ನು ಅದಕ್ಕೇ ಜಮಾ ಮಾಡಿಕೊಳ್ಳಬೇಕೆಂದು ವ್ಯವಸ್ಥಾಪಕರಲ್ಲಿ ಕೋರಿಕೆ.